ಕದಿರಮ್ಮನ ಮೂಗು

ಲಕ್ಕೂರು
2 ಜೂನ್ 2025

ಅಪ್ಪನಿಗೆ ಶೋಭಾರಾಣಿಯ ನಮಸ್ಕಾರ.

ನಿನ್ನ ಮಂಡಿ ನೋವು ಹೇಗಿದೆ? ಫೋನು ಮಾಡಿದರೆ ನೀನು ಆಂ ಆಂ ಅನ್ನುತ್ತೀಯ. ಅನಿತ ಪಕ್ಕದಲ್ಲಿ ನಿಂತು ನನ್ನ ಮಾತನ್ನೆಲ್ಲ ನಿನ್ನ ಕಿವಿಗೆ ಕೂಗುತ್ತಾಳೆ, ಬೀದಿಗೆಲ್ಲ ನಮ್ಮ ಸಮಾಚಾರ ಗೊತ್ತಾಗುತ್ತದೆ. ತಮ್ಮನ ಹೆಂಡತಿಯ ಗಂಟಲಿಗೆ ಅಷ್ಟು ಕೆಲಸ ಕೊಡುವುದು ಬೇಡ ಅಂತ ಕಾಗದ ಬರೆಯುತ್ತಿದ್ದೇನೆ. ಮೂವತ್ತೆರಡು ವರ್ಷ ಊರವರ ಕಾಗದ ಹಂಚಿ ರಿಟೈರ್ ಆದ ಪೋಸ್ಟ್ ಮಾಸ್ಟರಿಗೆ ಮಗಳಿಂದ ಒಂದಾದರೂ ಬರಲಿ.

ವಿಷಯಕ್ಕೆ ಬರುತ್ತೇನೆ, ಗಾಬರಿಯಾಗಬೇಡ. ನಾನು ಮೂಗಿನ ಆಪರೇಷನ್ ಮಾಡಿಸಿಕೊಳ್ಳೋಣ ಅಂತಿದ್ದೇನೆ.

ಎಡಗಡೆಯ ಹೊಳ್ಳೆಯಲ್ಲಿ ನನಗೆ ಉಸಿರೇ ಆಡುವುದಿಲ್ಲ ಅನ್ನುವುದು ನಿನಗೆ ಗೊತ್ತೇ ಇದೆ. ಮಾಲೂರಿನ ಫ್ಯಾಕ್ಟರಿಯಲ್ಲಿ ಎಂಟು ಗಂಟೆ ಮಾಸ್ಕ್ ಹಾಕಿಕೊಂಡು ನಿಲ್ಲುವಾಗ ಬಾಯಿ ಒಣಗಿ ತಲೆ ಸಿಡಿಯುತ್ತದೆ. ನಿನ್ನ ಅಳಿಯಂದಿರದು ಬೇರೆ ದೂರು. ನನ್ನ ಗೊರಕೆ ಕೇಳುವುದಕ್ಕಿಂತ ಟೊಮೆಟೊ ಲೋಡಿನ ಲಾರಿಯಲ್ಲೇ ಮಲಗುವುದು ವಾಸಿಯಂತೆ. ಕೋಲಾರದಲ್ಲಿ ಮೇಘನ ಅಂತ ಒಬ್ಬರು ಡಾಕ್ಟರು ಇದ್ದಾರೆ. ಒಳಗಿನ ಗೋಡೆಯನ್ನೂ ಹೊರಗಿನ ಸೊಟ್ಟವನ್ನೂ ಒಂದೇ ಸಲ ಸರಿಮಾಡಬಹುದಂತೆ. ಎರಡು ದಿನ ಬಾಯಲ್ಲೇ ಉಸಿರಾಡಬೇಕು, ಒಂದು ವಾರ ಮೂಗಿನ ಮೇಲೆ ಗಟ್ಟಿ ಪಟ್ಟಿ, ಕಣ್ಣಿನ ಸುತ್ತ ಕಪ್ಪಾಗುತ್ತದೆ, ಎರಡು ದಿಂಬು ಹಾಕಿಕೊಂಡು ಮಲಗಬೇಕು, ಸೀನಿದರೂ ಬಾಯಿ ತೆರೆದು ಸೀನಬೇಕು. ಊತ ಪೂರ್ತಿ ಇಳಿಯಲು ವರ್ಷವೇ ಬೇಕಂತೆ. ಸುಳ್ಳು ಯಾಕೆ ಹೇಳಲಿ, ಉಸಿರಿನ ಆಸೆಯ ಜೊತೆ ನೆಟ್ಟಗಿನ ಮೂಗಿನ ಆಸೆಯೂ ಇದೆ. ಸ್ಕೂಲಿನಲ್ಲಿ ಸೊಟ್ಟಮೂಗಿ ಅನ್ನಿಸಿಕೊಂಡವಳು ನಾನು.

ಡಾಕ್ಟರು ಒಂದು ಮಾತು ಕೇಳಿದರು. "ಚಿಕ್ಕ ವಯಸ್ಸಲ್ಲಿ ಎಲ್ಲಾದ್ರೂ ಬಿದ್ದಿದ್ರಾ?" ನಾನು ಎದೆ ಉಬ್ಬಿಸಿ ಹೇಳಿದೆ, "ಇಲ್ಲ ಮೇಡಂ, ಇದು ನಮ್ಮಜ್ಜಿ ಕದಿರಮ್ಮನ ಮೂಗು."

ನಿನ್ನ ಒಪ್ಪಿಗೆ ಬೇಕು. ಬರೆ.

ಶೋಭಾ

*

ಬೈರಕೂರು ಹತ್ತಿರ, ಮನೆಯಿಂದ
7 ಜೂನ್ 2025

ಸೌಭಾಗ್ಯವತಿ ಮಗಳು ಶೋಭಾರಾಣಿಗೆ ಅಪ್ಪ ಗಂಗುಲಪ್ಪನ ಆಶೀರ್ವಾದ.

ನಿನ್ನ ಕಾಗದವನ್ನು ಎರಡೆರಡು ಸಲ ಓದಿದೆ. ಮೂಗು ಅಂದರೆ ಹೊಲದ ಬದುವೇ, ಸೊಟ್ಟ ಕಂಡರೆ ಕಡಿದು ನೆಟ್ಟಗೆ ಮಾಡಲು? ನಿನಗೆ ಮೂವತ್ತಾರು ವರ್ಷ. ಅದೇ ಮೂಗು ಇಟ್ಟುಕೊಂಡು ಓದಿದೆ, ಮದುವೆಯಾದೆ, ಕೆಲಸಕ್ಕೆ ಸೇರಿದೆ. ಈಗ ಅದಕ್ಕೆ ಕತ್ತಿ ಹಾಕಿಸುತ್ತೀಯಾ?

ನಮ್ಮಮ್ಮನನ್ನು ನೀನು ನೋಡಲಿಲ್ಲ, ನೀನು ಹುಟ್ಟುವ ಮುಂಚೆಯೇ ಹೋದಳು. ಅವಳ ಗುರುತು ಅಂತ ಈ ಮನೆಯಲ್ಲಿ ಉಳಿದಿರುವುದು ನಿನ್ನ ಮೂಗೊಂದೇ. ಅದನ್ನು ಕುಯ್ಯಿಸಿದರೆ ಅವಳು ಎರಡನೇ ಸಲ ಸತ್ತ ಹಾಗೆ. ರಾತ್ರಿ ಎರಡು ತೊಟ್ಟು ಎಣ್ಣೆ ಬಿಟ್ಟುಕೋ, ಬಿಸಿನೀರಿನ ಹಬೆ ತೆಗೆದುಕೋ. ಅಳಿಯಂದಿರಿಗೆ ಗೊರಕೆಯ ಕಷ್ಟ ಇದ್ದರೆ ಪಡಸಾಲೆಯಲ್ಲಿ ಮಲಗಲಿ.

ಆ ಡಾಕ್ಟರ ಹತ್ತಿರ ಮತ್ತೆ ಹೋಗಬೇಡ. ಸ್ಕ್ಯಾನು ಗೀನು ಏನೂ ಬೇಡ. ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾ ಕೂರಬೇಡ. ನನ್ನ ಮೇಲೆ ಆಣೆ ಇಟ್ಟು ಹೇಳುತ್ತಿದ್ದೇನೆ.

ಗಂಗುಲಪ್ಪ

*

ಲಕ್ಕೂರು
16 ಜೂನ್ 2025

ಅಪ್ಪನಿಗೆ ನಮಸ್ಕಾರ.

ಆಗಲಿ ಬಿಡು, ಮಾಡಿಸಿಕೊಳ್ಳುವುದಿಲ್ಲ. ಆಣೆ ಬೇರೆ ಹಾಕಿದ್ದೀಯ. ನೀನು ಇಷ್ಟು ಸಿಟ್ಟಾಗುತ್ತೀಯ ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಎರಡು ದಿನ ಬೇಜಾರಿನಲ್ಲಿ ಊಟ ಬಿಟ್ಟಿದ್ದೆ.

ಆದರೆ ಸ್ಕ್ಯಾನು ನಿನ್ನ ಕಾಗದ ಬರುವ ಹೊತ್ತಿಗೆ ಆಗಿಹೋಗಿತ್ತು. ಡಾಕ್ಟರು ಕಂಪ್ಯೂಟರಿನಲ್ಲಿ ಬೆರಳಿಟ್ಟು ತೋರಿಸಿದರು. "ನೋಡಿ, ಇಲ್ಲಿ ಮೂಳೆ ಮುರಿದು ಹಾಗೇ ಕೂಡ್ಕೊಂಡಿದೆ. ಬೆಳೆಯೋ ವಯಸ್ಸಲ್ಲಿ ಏಟು ಬಿದ್ದಿರೋದ್ರಿಂದ ಮೂಗು ಒಂದೇ ಕಡೆಗೆ ತಿರುಗಿ ಬೆಳೆದಿದೆ. ಇದು ಅಜ್ಜಿಯಿಂದ ಬಂದಿದ್ದಲ್ಲ" ಅಂದರು. ನನಗೆ ಅವರ ಮೇಲೆ ಕೋಪ ಬಂತು. ನಮ್ಮಜ್ಜಿಯ ಮೂಗು ನನಗೆ ಗೊತ್ತೋ ಇವರಿಗೆ ಗೊತ್ತೋ?

ಮನೆಯಲ್ಲಿ ಅಜ್ಜಿಯ ಫೋಟೋ ಒಂದು ಇರಬೇಕಲ್ಲ? ತಮ್ಮ ಸುರೇಶನಿಗೆ ಹೇಳಿ ಮೊಬೈಲಿನಲ್ಲಿ ತೆಗೆಸಿ ಕಳಿಸು. ಆ ಡಾಕ್ಟರ ಮುಖಕ್ಕೆ ಹಿಡಿದು ಬರುತ್ತೇನೆ. ನಾನು ಚಿಕ್ಕವಳಿದ್ದಾಗ ಬಿದ್ದಿದ್ದು ನಿನಗೆ ನೆನಪಿದೆಯಾ? ಅಮ್ಮ ಇದ್ದಿದ್ದರೆ ಅವಳನ್ನೇ ಕೇಳುತ್ತಿದ್ದೆ.

ಶೋಭಾ

*

ಮನೆಯಿಂದ
24 ಜೂನ್ 2025

ಸೌಭಾಗ್ಯವತಿ ಶೋಭಾರಾಣಿಗೆ ಆಶೀರ್ವಾದ.

ಫೋಟೋ ಗೆದ್ದಲು ತಿಂದು ಹತ್ತು ವರ್ಷವಾಯಿತು. ನೀನು ಎಲ್ಲೂ ಬೀಳಲಿಲ್ಲ. ಡಾಕ್ಟರುಗಳಿಗೆ ಎಲ್ಲರ ಮೂಳೆಯೂ ಮುರಿದ ಹಾಗೇ ಕಾಣುತ್ತದೆ, ಅವರ ಕಸುಬು ಅದು.

ಆಪರೇಷನ್ ಬಿಟ್ಟೆ ಅಂತ ಬರೆದೆಯಲ್ಲ, ಅವತ್ತಿನಿಂದ ನನಗೆ ಊಟ ಸೇರುತ್ತಿದೆ. ಮಲ್ಲಿಕಾ ಮಾವಿನ ಹಣ್ಣು ಒಂದು ಬುಟ್ಟಿ ಕಳಿಸಿದ್ದೇನೆ. ಈ ವಿಷಯ ಇಲ್ಲಿಗೆ ಸಾಕು.

ಗಂಗುಲಪ್ಪ

*

ಲಕ್ಕೂರು
6 ಜುಲೈ 2025

ಅಪ್ಪನಿಗೆ ನಮಸ್ಕಾರ.

ಹಣ್ಣು ಬಂದವು, ಬೀದಿಯವರಿಗೂ ಹಂಚಿದೆ. ಈ ತಿಂಗಳು ನಾನು ಊರಿಗೆ ಬರಲಾಗುವುದಿಲ್ಲ, ಫ್ಯಾಕ್ಟರಿಯಲ್ಲಿ ತುಂಬಾ ಕೆಲಸ. ಇವರು ಕೋಲ್ಕತ್ತಕ್ಕೆ ಲೋಡು ತೆಗೆದುಕೊಂಡು ಹೋಗಿದ್ದಾರೆ. ದಾರಿಯಲ್ಲಿ ಫೋನು ನೀರಿಗೆ ಬಿತ್ತಂತೆ, ಕ್ಲೀನರ ಫೋನಿನಿಂದ ಒಂದು ಸಲ ಮಾತಾಡಿದರು. ಹತ್ತು ದಿನ ನನಗೂ ಫೋನು ಮಾಡಬೇಡಿ, ಮಾತಾಡಲು ಬಿಡುವಿರುವುದಿಲ್ಲ. ಯಾರೂ ಬರುವುದೂ ಬೇಡ, ಮನೆಗೆ ಬೀಗ ಹಾಕಿರುತ್ತದೆ. ಏನೂ ಯೋಚನೆ ಮಾಡಬೇಡ.

ಶೋಭಾ

*

ಮನೆಯಿಂದ
12 ಜುಲೈ 2025, ಶನಿವಾರ ಬೆಳಿಗ್ಗೆ

ಶೋಭಾ, ನನ್ನ ತಾಯಿ,

ಪ್ರತಿ ಸಲ ನಿನ್ನ ಹೆಸರಿನ ಹಿಂದೆ ಬರೆಯುತ್ತಿದ್ದ ಪದವನ್ನು ಇವತ್ತು ಬರೆಯಲು ಕೈ ಬರಲಿಲ್ಲ. ನಮಗೆ ಎಲ್ಲ ಗೊತ್ತಾಗಿದೆ. ಮುಚ್ಚಿಡಬೇಡ.

ಗುರುವಾರ ನಮ್ಮ ಪಕ್ಕದ ಮನೆಯ ವೇಣುಗೋಪಾಲ್ ಟೊಮೆಟೊ ಮಾರಿಕೊಂಡು, ಯಾರನ್ನೋ ನೋಡಲು ಕೋಲಾರದ ಆಸ್ಪತ್ರೆಗೆ ಹೋಗಿದ್ದ. ನಿನ್ನನ್ನು ದೂರದಿಂದ ನೋಡಿದನಂತೆ. ಕೊರಳಲ್ಲಿ ತಾಳಿಯಿಲ್ಲ, ಕೈಯಲ್ಲಿ ಬಳೆಯಿಲ್ಲ, ಕಾಲುಂಗುರವಿಲ್ಲ, ಮೂಗುಬೊಟ್ಟೂ ಇಲ್ಲ. ಒಬ್ಬ ಬುರ್ಖಾ ಹಾಕಿದ ಹೆಂಗಸು ಅವನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿ ಕೈಯಲ್ಲಿ ಹಿಡಿದು ನಿನ್ನ ತಲೆ ಸವರುತ್ತಿದ್ದಳಂತೆ. ಅವನು ಹತ್ತಿರ ಬರಲು ಧೈರ್ಯ ಸಾಲದೆ ಓಡಿ ಬಂದು ಸುರೇಶನಿಗೆ ಹೇಳಿದ. ನಿನ್ನೆ ಸುರೇಶ ನಿನಗೆ ಫೋನು ಮಾಡಿದಾಗ ನೀನು ಅತ್ತು ಅತ್ತು ಮೂಗು ಕಟ್ಟಿದ ದನಿಯಲ್ಲಿ "ಈಗ ಮಾತಾಡಕ್ಕಾಗಲ್ಲ ಕಣೋ, ಅಪ್ಪನಿಗೆ ಹೇಳ್ಬೇಡ" ಅಂದೆಯಂತೆ. ಅಳಿಯಂದಿರ ಫೋನು ಸತ್ತಿದೆ. ಇನ್ನೇನು ಬೇಕು? ಸಾವಿನ ಸುದ್ದಿಯನ್ನು ದೂರದ ವಯಸ್ಸಾದವರಿಗೆ ಹೇಗೆ ಮುಚ್ಚಿಡುತ್ತಾರೆ ಅಂತ ನನಗೆ ಗೊತ್ತಿಲ್ಲವೇ? ಯೋಚನೆ ಮಾಡಬೇಡ, ಯಾರೂ ಬರಬೇಡಿ ಅಂತ ಬರೆದಿದ್ದೆಯಲ್ಲ, ಅವತ್ತೇ ನನಗೆ ಅನುಮಾನ ಬಂದಿತ್ತು.

ಸುರೇಶ, ಅನಿತ ಇವತ್ತು ಹೊರಡುತ್ತಿದ್ದಾರೆ. ಗಂಡ ಹೋದ ಮಗಳಿಗೆ ತವರಿನಿಂದ ಕೊಡುವ ಸೀರೆಯನ್ನು ಮುಳಬಾಗಿಲಿನಲ್ಲಿ ತೆಗೆದುಕೊಂಡು ಬರುತ್ತಾರೆ. ನನ್ನ ಮಂಡಿ ಬಸ್ಸು ಹತ್ತಲು ಬಿಡುತ್ತಿಲ್ಲ. ಈ ಕಾಗದವನ್ನು ಅವರ ಕೈಯಲ್ಲಿ ಕೊಡಲು ಮನಸ್ಸಾಗಲಿಲ್ಲ, ಅದಕ್ಕೆ ಪೋಸ್ಟ್ ಡಬ್ಬಿಗೆ ಹಾಕುತ್ತಿದ್ದೇನೆ. ನೀನೊಬ್ಬಳೇ ಓದು.

ಇದು ನನ್ನ ಪಾಪ, ನಿನ್ನ ತಲೆಗೆ ಸುತ್ತಿಕೊಂಡಿತು. ನಿನ್ನ ಡಾಕ್ಟರು ಹೇಳಿದ್ದು ನಿಜ. ನಿನಗಾಗ ನಾಲ್ಕು ವರ್ಷ. ನಮ್ಮ ಪಡಸಾಲೆಯೇ ಪೋಸ್ಟಾಫೀಸು. ಅವತ್ತು ಇನ್ಸ್‌ಪೆಕ್ಷನ್ ಇತ್ತು. ನೀನು ಪ್ಯಾಡಿನ ಮಸಿಯನ್ನೆಲ್ಲ ರಿಜಿಸ್ಟರಿನ ಮೇಲೆ ಬಳಿದು ಆಡುತ್ತಾ ಕೂತಿದ್ದೆ. ನನ್ನ ಕೈಯಲ್ಲಿ ಸೀಲು ಹೊಡೆಯುವ ಕಬ್ಬಿಣದ ಮೊಹರು ಇತ್ತು. ಎಸೆದೆ ಅಂತ ಬರೆಯೋಣ ಅಂದುಕೊಂಡೆ. ಎಸೆಯಲಿಲ್ಲ, ಕೈಯಲ್ಲಿ ಹಿಡಿದೇ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿಸಿತು. ಈಗ ಕಿವಿ ಹೋಗಿದ್ದರೂ ಅದೊಂದು ಕೇಳಿಸುತ್ತದೆ.

ಮುಳಬಾಗಿಲಿನ ಆಸ್ಪತ್ರೆಗೆ ಹೋಗೋಣ ಅಂತ ನಿಮ್ಮಮ್ಮ ಕಾಲು ಹಿಡಿದಳು. ಡಾಕ್ಟರು ಹೇಗಾಯಿತು ಅಂತ ಕೇಳಿದರೆ ಏನು ಹೇಳುವುದು, ಹೊಸದಾಗಿ ಸಿಕ್ಕ ಕೆಲಸ ಹೋದರೆ ಏನು ಗತಿ ಅಂತ ನಾನು ಬಿಡಲಿಲ್ಲ. ಅರಿಶಿನ ಹಚ್ಚಿ ಒಳಗೇ ಇಟ್ಟುಕೊಂಡೆವು. ಮೂಗು ಸೊಟ್ಟಗೆ ಬೆಳೆಯತೊಡಗಿದಾಗ ನಮ್ಮಮ್ಮನ ಮೂಗು ಅಂತ ಎಲ್ಲರಿಗೂ ಹೇಳಿದೆ. ನಮ್ಮಮ್ಮ ಶ್ರೀನಿವಾಸಪುರದ ಕಡೆ ನಮ್ಮ ಹಳೇ ಊರಿನಲ್ಲೇ ತೀರಿಕೊಂಡವಳು, ಇಲ್ಲಿ ಯಾರೂ ಅವಳನ್ನು ನೋಡಿರಲಿಲ್ಲ. ಅವಳ ಮೂಗು ನೆಟ್ಟಗಿತ್ತು. ಫೋಟೋ ಗೆದ್ದಲು ತಿನ್ನಲಿಲ್ಲ, ಟ್ರಂಕಿನಲ್ಲಿದೆ.

ಗಂಡನೂ ಇಲ್ಲದವಳಾದೆ. ಇನ್ನೂ ಸುಳ್ಳಿನ ಅಪ್ಪನೊಬ್ಬನನ್ನು ನಂಬಿಕೊಂಡು ಈ ಮನೆಗೆ ಬರುವುದು ಬೇಡ ಅಂತ ಬರೆದೆ. ತಿಳಿದ ಮೇಲೂ ಬರುವುದಾದರೆ ಇದು ನಿನ್ನ ಮನೆ.

ಅಪ್ಪ

*

ಮನೆಯಿಂದ
13 ಜುಲೈ 2025

ಸೌಭಾಗ್ಯವತಿ, ಸೌಭಾಗ್ಯವತಿ ಶೋಭಾರಾಣಿಗೆ ಆಶೀರ್ವಾದ.

ನಿನ್ನೆ ನಾಲ್ಕು ಗಂಟೆಗೆ ಸುರೇಶ ಫೋನು ಮಾಡಿದನಂತೆ. ಅಳಿಯಂದಿರು ಕಲ್ಲುಗುಂಡಿನ ಹಾಗೆ ಇದ್ದಾರೆ ಅಂತ ಅಕ್ಕಪಕ್ಕದವರು ಬಂದು ನನ್ನ ಕಿವಿಯಲ್ಲಿ ಕಿರುಚಿದರು. ನಾನು ಮಂಡಿ ಮರೆತು ಡಬ್ಬಿಯ ಹತ್ತಿರ ಓಡಿದೆ. ಮೂರು ಗಂಟೆಗೇ ಚೀಲ ಹೋಗಿತ್ತು. ಪೋಸ್ಟಾಫೀಸಿನಲ್ಲಿ ಈಗಿರುವ ಹುಡುಗಿಯನ್ನು ಕಾಗದ ತರಿಸಿಕೊಡಮ್ಮ ಅಂತ ಕೈ ಮುಗಿದು ಕೇಳಿದೆ. "ನೀವೇ ಪೋಸ್ಟ್ ಮಾಸ್ಟರಾಗಿದ್ದೋರು, ರೂಲ್ಸ್ ಗೊತ್ತಿಲ್ವಾ ತಾತಾ?" ಅಂದಳು. ನಾನೇ ಎಷ್ಟೋ ಜನಕ್ಕೆ ಅದೇ ಮಾತು ಹೇಳಿ ಕಳಿಸಿದ್ದೇನೆ.

ಶೋಭಾ, ಮೊದಲಿನ ಕಾಗದ ನಿನಗೆ ನಿಧಾನವಾಗಿ ಬರುತ್ತದೆ. ಅದನ್ನು ತೆರೆಯಬೇಡ. ಅದರಲ್ಲಿ ಬರೀ ಸಾವಿನ ಮಾತುಗಳಿವೆ, ಮುತ್ತೈದೆಯಾದವಳು ಓದಬಾರದು. ಓದದೆ ಒಲೆಗೆ ಹಾಕು. ಈ ಕಾಗದವನ್ನು ನಾಳೆ ವೇಣುಗೋಪಾಲ್ ಮುಳಬಾಗಿಲಿನಿಂದ ಸ್ಪೀಡ್ ಪೋಸ್ಟ್ ಮಾಡುತ್ತಾನೆ, ಅವನ ಕಣ್ಣು ಮಾಡಿದ ತಪ್ಪಿಗೆ ಅಷ್ಟಾದರೂ ಮಾಡಲಿ. ಫೋನಿನಲ್ಲಿ ಹೇಳಿಸೋಣ ಅಂದರೆ ಅದರಲ್ಲೇನಿದೆ ಅಂತ ಅನಿತ ಕೇಳುತ್ತಾಳೆ.

ನೀನು ನನ್ನ ಆಣೆ ಮೀರಿ ಆಪರೇಷನ್ ಮಾಡಿಸಿಕೊಂಡೆ ಅಂತ ಗೊತ್ತಾಯಿತು. ನನಗೆ ಸಿಟ್ಟಿಲ್ಲ. ಕಾಗದ ತೆರೆಯಬೇಡ, ಅಷ್ಟೇ.

ಅಪ್ಪ

*

ಲಕ್ಕೂರು
16 ಜುಲೈ 2025

ಅಪ್ಪನಿಗೆ ಸೌಭಾಗ್ಯವತಿಯ ನಮಸ್ಕಾರ.

ನಗಬಾರದು ಅಂತ ಡಾಕ್ಟರು ಹೇಳಿದ್ದಾರೆ, ನಕ್ಕರೆ ಹೊಲಿಗೆ ಎಳೆಯುತ್ತದೆ. ಆದರೂ ನಾಲ್ಕು ದಿನದಿಂದ ನಗುತ್ತಿದ್ದೇನೆ. ಮೊದಲು ತಪ್ಪೊಪ್ಪಿಕೊಳ್ಳುತ್ತೇನೆ. ನಾನು ನಿನಗೆ ಸುಳ್ಳು ಹೇಳಿದೆ. ಆಪರೇಷನ್ನಿಗೆ ಮುಂಚೆ ಮೈಮೇಲೆ ಲೋಹದ್ದು ಏನೂ ಇರಕೂಡದಂತೆ, ತಾಳಿಯಿಂದ ಮೂಗುಬೊಟ್ಟಿನವರೆಗೆ ಬಿಚ್ಚಿಸಿದರು. ಜೊತೆಗಿದ್ದವಳು ಫ್ಯಾಕ್ಟರಿಯಲ್ಲಿ ನನ್ನ ಲೈನಿನಲ್ಲೇ ಕೆಲಸ ಮಾಡುವ ಕೌಸರ್. ನನಗೆ ಭಯವಾಗಿ ಕಣ್ಣಲ್ಲಿ ನೀರು ಬಂತು, ಪಾಪ ತಲೆ ಸವರಿದಳು. ಅದನ್ನೇ ನೋಡಿದ್ದಾನೆ ಮಹಾನುಭಾವ. ಸುರೇಶನ ಫೋನು ಬಂದಾಗ ಮೂಗಿನ ತುಂಬ ಹತ್ತಿ ತುರುಕಿದ್ದರು, ದನಿ ಹೇಗಿರುತ್ತದೆ ಹೇಳು?

ಶನಿವಾರ ಮಧ್ಯಾಹ್ನ ಬಾಗಿಲಲ್ಲಿ "ಅಯ್ಯೋ ನಮ್ಮಕ್ಕಾ" ಅಂತ ಗೋಳು ಕೇಳಿಸಿತು. ತೆರೆದೆ. ನನ್ನ ಮೂಗಿನ ಮೇಲೆ ಪಟ್ಟಿ, ಎರಡೂ ಕಣ್ಣು ಬದನೆಕಾಯಿ ಬಣ್ಣಕ್ಕೆ ಊದಿಕೊಂಡಿವೆ. ನಾನು ಎದೆ ಬಡಿದುಕೊಂಡು ಅತ್ತಿದ್ದೇನೆ ಅಂದುಕೊಂಡು ಅನಿತ ನನ್ನನ್ನು ತಬ್ಬಲು ಬಂದಳು. ಮೂಗು ತಗುಲೀತು ಅಂತ ನಾನು ಕೈ ಅಡ್ಡ ಹಿಡಿದೆ. ಸುರೇಶ ಹೊಸ್ತಿಲಲ್ಲೇ ಕುಸಿದು ಕೂತ. ಬೀದಿಯವರೆಲ್ಲ ಸೇರಿದರು. ಅಷ್ಟರಲ್ಲಿ ಇವರು, ಬೆಳಿಗ್ಗೆ ತಾನೇ ಲೋಡು ಇಳಿಸಿ ಬಂದಿದ್ದವರು, ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡು "ಯಾರೇ ಅದು?" ಅಂತ ಬಂದರು. ಅನಿತ ಕಿಟಾರನೆ ಕಿರುಚಿ ಸೀರೆಯ ಕವರನ್ನು ಇವರ ಮುಖಕ್ಕೇ ಎಸೆದಳು. ಇವರು ಒಂದು ದಿನ ಪೂರ್ತಿ ಮಾತಾಡಲಿಲ್ಲ. ತಮ್ಮ ತಿಥಿಯ ಸೀರೆಯನ್ನು ತಾವೇ ಹಿಡಿದುಕೊಂಡವರು ಇನ್ನೇನು ಮಾತಾಡುತ್ತಾರೆ?

ನಿನ್ನ ಮೊದಲಿನ ಕಾಗದ ಇನ್ನೂ ಬಂದಿಲ್ಲ. ಬಂದರೆ ತೆರೆಯುವುದಿಲ್ಲ, ಮಾತು ಕೊಟ್ಟಿದ್ದೇನೆ. ನಾಳೆ ಪಟ್ಟಿ ಬಿಚ್ಚುತ್ತಾರೆ.

ಶೋಭಾ

*

ಮನೆಯಿಂದ
4 ಆಗಸ್ಟ್ 2025

ಸೌಭಾಗ್ಯವತಿ ಶೋಭಾರಾಣಿಗೆ ಆಶೀರ್ವಾದ.

ಮೂರು ವಾರವಾಯಿತು, ನಿನ್ನಿಂದ ಏನೂ ಇಲ್ಲ. ಫೋನು ಮಾಡಿದರೆ ಅಳಿಯಂದಿರು ಎತ್ತಿ, ಮಲಗಿದ್ದಾಳೆ ಅನ್ನುತ್ತಾರಂತೆ. ಹಗಲು ಹನ್ನೊಂದಕ್ಕೂ ಮಲಗಿದ್ದಾಳೆ, ಸಂಜೆ ಐದಕ್ಕೂ ಮಲಗಿದ್ದಾಳೆ.

ಆ ಕಾಗದ ಬಂತೇ? ಬಂದಿದ್ದರೆ ಬಂತು ಅಂತ ಒಂದು ಸಾಲು ಬರೆ. ಪೋಸ್ಟ್ ಬರುವ ಹೊತ್ತಿಗೆ ದಿನಾ ಜಗುಲಿಯಲ್ಲಿ ಕೂರುತ್ತಿದ್ದೇನೆ.

ಅಪ್ಪ

*

ಲಕ್ಕೂರು
11 ಆಗಸ್ಟ್ 2025

ಅಪ್ಪನಿಗೆ,

ಕಾಗದ ಜುಲೈ ಹತ್ತೊಂಬತ್ತಕ್ಕೇ ಬಂತು. ನಾನು ಮಾತು ತಪ್ಪಲಿಲ್ಲ, ತೆರೆದದ್ದು ಇವರು. ಒಲೆಗೆ ಹಾಕಿ ಅಂತ ಕೊಟ್ಟೆ. "ನಾನು ಸತ್ತಾಗ ಮಾವ ನನ್ನ ಬಗ್ಗೆ ಏನ್ ಬರ್ದವ್ರೋ ನೋಡೇ ಬಿಡೋಣ ಕಣೇ, ಇಂಥ ಅದೃಷ್ಟ ಯಾರಿಗುಂಟು" ಅಂತ ಹರಿದು ಜೋರಾಗಿ ಓದತೊಡಗಿದರು. ಇಬ್ಬರೂ ನಗುತ್ತಿದ್ದೆವು. ಅರ್ಧಕ್ಕೆ ಬಂದವರು ಓದುವುದನ್ನು ನಿಲ್ಲಿಸಿದರು. ಆಮೇಲೆ ಕಾಗದವನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು.

ಉಳಿದದ್ದನ್ನು ನಾನು ನಿಂತಲ್ಲೇ ಓದಿಕೊಂಡೆ. ಮೂಗಿನಿಂದ ರಕ್ತ ಬರತೊಡಗಿ, ಇವರು ನನ್ನನ್ನು ಮತ್ತೆ ಕೋಲಾರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಬಗ್ಗಿದ್ರಾ, ಸೀನಿದ್ರಾ ಅಂತ ಕೇಳಿದರು. ಕಾಗದ ಓದಿದೆ ಅಂತ ಹೇಳಲಿಲ್ಲ.

ಹೊಡೆದದ್ದಕ್ಕೆ ನನಗೆ ಸಿಟ್ಟು ಬರುತ್ತಿಲ್ಲ, ಅದೇ ನನಗೆ ಆಶ್ಚರ್ಯ. ಆ ಏಟು ನನ್ನ ನೆನಪಿನಲ್ಲೇ ಇಲ್ಲ. ಸಿಟ್ಟು ಬರುತ್ತಿರುವುದು ಅಜ್ಜಿಯ ವಿಷಯಕ್ಕೆ. ಸ್ಕೂಲಿನಲ್ಲಿ ಅತ್ತುಕೊಂಡು ಬಂದಾಗಲೆಲ್ಲ ನೀನು ನನ್ನನ್ನು ಮಡಿಲಲ್ಲಿ ಕೂರಿಸಿಕೊಂಡು, ನೀನು ನಮ್ಮಮ್ಮ ಕಣೇ ಅಂತ ಮೂಗಿಗೆ ಮುತ್ತು ಕೊಡುತ್ತಿದ್ದೆ. ನಾನು ಕಣ್ಣೊರೆಸಿಕೊಂಡು ಮತ್ತೆ ಸ್ಕೂಲಿಗೆ ಹೋಗುತ್ತಿದ್ದೆ. ನೀನು ಮುತ್ತು ಕೊಡುತ್ತಿದ್ದದ್ದು ಎಲ್ಲಿಗೆ ಅಂತ ನಿನಗೆ ಗೊತ್ತಿತ್ತು. ಅಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿರುತ್ತಿದ್ದಳು. ಅವಳಿಗೆ ನಾವಿಬ್ಬರೂ ಎಷ್ಟು ಹಿಂಸೆ ಕೊಟ್ಟೆವು ಅಪ್ಪಾ.

ಪಟ್ಟಿ ಬಿಚ್ಚಿದ ದಿನ ಕನ್ನಡಿಯಲ್ಲಿ ಯಾರೋ ಬೇರೆಯವರನ್ನು ನೋಡಿದ ಹಾಗಾಯಿತು. "ನಾನು ಹೊಸದೇನೂ ಮಾಡಿಲ್ಲ, ಏಟು ಬೀಳದೇ ಇದ್ದಿದ್ರೆ ಹೇಗೆ ಬೆಳೀತಿತ್ತೋ ಹಾಗೆ ಕೂರಿಸಿದ್ದೀನಿ" ಅಂದರು ಡಾಕ್ಟರು. ಊತ ಇನ್ನೂ ಇದೆ, ಆದರೂ ತಿಳಿಯುತ್ತದೆ. ನೀನು ಇದನ್ನು ನೋಡಬೇಕು.

ಆಗಸ್ಟ್ ಇಪ್ಪತ್ತನಾಲ್ಕು, ಭಾನುವಾರ, ನಾನು ಬರುತ್ತೇನೆ. ನೀನು ತೋಟದ ಕಡೆ ಹೋಗಿ ಕೂರಬೇಡ. ಯಾರ ಯಾರ ಮುಂದೆ ಕದಿರಮ್ಮನ ಮೂಗು ಅಂತ ಹೇಳಿದ್ದೆಯೋ, ಅವರ ಮುಂದೆ ಅದು ಹೇಗಾಯಿತು ಅಂತ ನೀನೇ ಬಾಯಿಬಿಟ್ಟು ಹೇಳು. ನನಗೋಸ್ಕರ ಅಲ್ಲ, ಅಮ್ಮನಿಗೋಸ್ಕರ. ಹೇಳಿದರೆ ಒಳಗೆ ಬಂದು ಊಟ ಮಾಡುತ್ತೇನೆ. ಇಲ್ಲದಿದ್ದರೆ ಬಂದ ಬಸ್ಸಿನಲ್ಲೇ ವಾಪಸು ಹೋಗುತ್ತೇನೆ, ಆಮೇಲೆ ನನಗೆ ಬರೆಯಬೇಡ.

ಶೋಭಾರಾಣಿ

*

ಮನೆಯಿಂದ
16 ಆಗಸ್ಟ್ 2025

ಸೌಭಾಗ್ಯವತಿ ಶೋಭಾರಾಣಿಗೆ,

ಇಪ್ಪತ್ತನಾಲ್ಕರವರೆಗೆ ಕಾಯುವ ಶಕ್ತಿ ನನಗಿರಲಿಲ್ಲ. ಇವತ್ತು ಬೆಳಿಗ್ಗೆಯೇ ಹೇಳಿದೆ. ಸುರೇಶ ತಿಂಡಿ ತಿನ್ನುತ್ತಿದ್ದ, ಅನಿತ ಬಡಿಸುತ್ತಿದ್ದಳು, ವೇಣುಗೋಪಾಲ್ ಜಗುಲಿಯಲ್ಲಿದ್ದ. ಕೈಯಲ್ಲಿ ಹಿಡಿದೇ ಹೊಡೆದೆ ಅನ್ನುವುದನ್ನೂ ಹೇಳಿದೆ, ಆಸ್ಪತ್ರೆಗೆ ಬಿಡಲಿಲ್ಲ ಅನ್ನುವುದನ್ನೂ ಹೇಳಿದೆ. ನಿಮ್ಮಮ್ಮನ ಹೆಸರನ್ನು ಮಾತ್ರ ಎರಡು ಸಲ ಹೇಳಬೇಕಾಯಿತು.

ಸುರೇಶ ಕೈ ತೊಳೆಯದೆ ಎದ್ದು ಹೋದ. ವೇಣುಗೋಪಾಲ್ ಚಪ್ಪಲಿ ಹಾಕಿಕೊಂಡು ನಡೆದ, ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿರುತ್ತದೆ. ಅನಿತ ತನ್ನ ಮಗುವನ್ನು ನನ್ನ ಪಕ್ಕದಿಂದ ಎತ್ತಿಕೊಂಡು ಒಳಗೆ ಹೋದಳು. ಅವಳದು ತಪ್ಪಿಲ್ಲ.

ನೀನು ಬಾ. ನಿನ್ನ ಮುಖಕ್ಕೆ ನಾನು ಏನು ಮಾಡಿದ್ದೆ ಅಂತ ತಲೆ ಎತ್ತಿ ನೋಡುತ್ತೇನೆ.

ಗಂಗುಲಪ್ಪ